ಎಲ್ಕಿನ ಜಾಡು ಹಿಡಿಯುವ ಬಗೆ

ಎಲ್ಕ್ ಉತ್ತರ ಅಮೆರಿಕದ ಪಶ್ಚಿಮ ಭಾಗದ ಬೆಟ್ಟಗಾಡಿನಲ್ಲಿ ಹಿಂಡುಗಟ್ಟಿ ಬಾಳುವ ದೊಡ್ಡ ಜಿಂಕೆ. ರಾಕಿ ಪರ್ವತದ ಎಲ್ಕ್‌ಗಳಲ್ಲಿ ಬಲಿತ ಗಂಡು ಸುಮಾರು 320 ಕಿಲೋ ತೂಗುತ್ತದೆ, ಹೆಣ್ಣು ಸುಮಾರು 225 ಕಿಲೋ. ಗಂಡಿನ ಭುಜದ ಎತ್ತರವೇ ಐದು ಅಡಿ. ಕಾಶ್ಮೀರದ ಹಂಗುಲ್ ಇದಕ್ಕೆ ಹತ್ತಿರದ ನೆಂಟ. ನಮ್ಮ ಕಾಡಿನ ಕಡವೆ ಕೊಂಚ ದೂರದ ಸಂಬಂಧಿ. ಇಷ್ಟು ದೊಡ್ಡ ಮೈಯ ಪ್ರಾಣಿ, ಅದೂ ಹಿಂಡಿನಲ್ಲಿ ತಿರುಗುವಂಥದ್ದು, ಸುಲಭವಾಗಿ ಕಣ್ಣಿಗೆ ಬೀಳಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕೊಲರಾಡೊ ರಾಜ್ಯದ ಅನುಭವ ಬೇರೆಯದನ್ನೇ ಹೇಳುತ್ತದೆ. ಅಮೆರಿಕದ ಯಾವ ರಾಜ್ಯದಲ್ಲೂ ಇಲ್ಲದಷ್ಟು ಎಲ್ಕ್, ಹತ್ತಿರ ಹತ್ತಿರ 3 ಲಕ್ಷ, ಅಲ್ಲಿವೆ. ಆದರೂ ಪರವಾನಗಿ ಪಡೆದು ಬೇಟೆಗೆ ಹೋದ ಐವರಲ್ಲಿ ಹೆಚ್ಚುಕಡಿಮೆ ನಾಲ್ವರು ಬರಿಗೈಯಲ್ಲಿ ಮರಳುತ್ತಾರೆ. ಬಿಲ್ಲು ಹಿಡಿದು ಹೋದವರ ಪಾಡು ಇನ್ನೂ ಕಷ್ಟ. ಇವರಲ್ಲಿ ಗುರಿ ತಪ್ಪಿದವರು ಸ್ವಲ್ಪ ಮಂದಿ. ಎಲ್ಕಿನ ಮುಖವನ್ನೇ ಕಾಣದೆ ಬಂದವರು ಬಹಳ.

ಬೇಟೆಯ ಕಾಲಕ್ಕೆ ಮುಂಚೆಯೇ ಹೋಗಿ ಎಲ್ಕ್ ಎಲ್ಲಿ ಮೇಯುತ್ತದೆ, ಎಲ್ಲಿ ಮಲಗುತ್ತದೆ, ಯಾವ ದಾರಿಯಲ್ಲಿ ಓಡಾಡುತ್ತದೆ ಎಂದು ತಿಳಿದುಕೊಳ್ಳುವ ಕೆಲಸಕ್ಕೆ ಅಲ್ಲಿನವರು ಸ್ಕೌಟಿಂಗ್ ಎನ್ನುತ್ತಾರೆ. ಇದು ಹಳೆಯ ವಿದ್ಯೆ. ಕಳೆದ ಎರಡು ಮೂರು ದಶಕಗಳಲ್ಲಿ ಇದರ ಸುತ್ತ ದೊಡ್ಡ ಮಾರುಕಟ್ಟೆ ಬೆಳೆದಿದೆ. ಎರಡು ಮೂರು ಸಾವಿರ ಡಾಲರ್ ಬೆಲೆಯ ದುರ್ಬೀನುಗಳು, ಅದಕ್ಕೂ ಮಿಗಿಲಾದ ದೂರದರ್ಶಕಗಳು, ಕಾಡಿನಿಂದ ನೇರ ಫೋನಿಗೆ ಚಿತ್ರ ಕಳಿಸುವ ಕ್ಯಾಮೆರಾಗಳು, ಎಲೆ ಕೊಂಬೆಗಳ ಚಿತ್ತಾರದ ಬಟ್ಟೆಗಳು, ತಿಂಗಳ ಚಂದಾ ಕೇಳುವ ನಕ್ಷೆಯ ಆಪ್‌ಗಳು ಎಲ್ಲವೂ ಸಿಗುತ್ತವೆ. ಇವುಗಳಲ್ಲಿ ಕೆಲವು ನಿಜಕ್ಕೂ ಉಪಯೋಗದವು. ಆದರೆ ಎಲ್ಕ್ ಇಂಥ ಹೊತ್ತಿನಲ್ಲಿ ಇಂಥ ಕಡೆ ಏಕೆ ಇರುತ್ತದೆ ಎಂಬುದನ್ನು ಯಾವ ಸಲಕರಣೆಯೂ ಹೇಳುವುದಿಲ್ಲ. ಅದು ಗೊತ್ತಿಲ್ಲದವನ ಕೈಯಲ್ಲಿ ಒಳ್ಳೆಯ ದುರ್ಬೀನು ಖಾಲಿ ಬೆಟ್ಟವನ್ನು ಸ್ಪಷ್ಟವಾಗಿ ತೋರಿಸುತ್ತದೆ, ಅಷ್ಟೆ.

ಸಾಮಾನ್ಯರು ಹೀಗೆ ತಾವೇ ಹುಡುಕಿಕೊಂಡು ಹೋಗಲು ಸಾಧ್ಯವಾಗಿರುವುದಕ್ಕೆ ಒಂದು ಚರಿತ್ರೆ ಇದೆ. ಯುರೋಪಿನವರು ಬಂದು ನೆಲೆಸುವ ಮುನ್ನ ಉತ್ತರ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಎಲ್ಕ್ ಇದ್ದವೆಂದು ಅಂದಾಜು. ಮಾಂಸ, ಚರ್ಮ, ಕೊನೆಗೆ ಕೋರೆಹಲ್ಲಿನ ಆಸೆಗೂ ಮಿತಿಯಿಲ್ಲದೆ ಕೊಂದದ್ದರಿಂದ 20ನೇ ಶತಮಾನದ ಆರಂಭಕ್ಕೆ ಒಂದು ಲಕ್ಷವೂ ಉಳಿದಿರಲಿಲ್ಲ. ಉಳಿದವುಗಳಲ್ಲಿ ಬಹುಪಾಲು ಯೆಲ್ಲೊಸ್ಟೋನ್ ಸುತ್ತಮುತ್ತ ಇದ್ದವು. ಅಲ್ಲಿಂದ ರೈಲಿನಲ್ಲಿ ಹೇರಿ ಬೇರೆ ರಾಜ್ಯಗಳಿಗೆ ಸಾಗಿಸಿ ಬಿಡಲಾಯಿತು. ಕೊಲರಾಡೊದ ಇಂದಿನ ಹಿಂಡುಗಳ ಪೂರ್ವಜರಲ್ಲಿ 1912ರಿಂದ ಮುಂದೆ ವಯೋಮಿಂಗ್‌ನಿಂದ ಬಂದವು ಸೇರಿವೆ. ಬೇಟೆಗೆ ಮಿತಿ, ಕಾಲ, ಪರವಾನಗಿ ಬಂದವು. 1937ರ ಪಿಟ್ಮನ್–ರಾಬರ್ಟ್‌ಸನ್ ಕಾಯ್ದೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಸಂರಕ್ಷಣೆಗೆ ಮೀಸಲಿಟ್ಟಿತು. ಈಗ ಸುಮಾರು 10 ಲಕ್ಷ ಎಲ್ಕ್ ಇವೆ. ಅರಣ್ಯ ಸೇವೆ ಮತ್ತು ಭೂ ನಿರ್ವಹಣಾ ಇಲಾಖೆಗಳ ಕೈಯಲ್ಲಿರುವ ಕೋಟ್ಯಂತರ ಎಕರೆ ಸರ್ಕಾರಿ ನೆಲದಲ್ಲಿ ಯಾರು ಬೇಕಾದರೂ ನಡೆಯಬಹುದು. ಭಾರತದಲ್ಲಿ ಬೇಟೆ ಮೊದಲು ರಾಜಮಹಾರಾಜರ ಹಕ್ಕಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಪರಾಧವಾಯಿತು. ಅಮೆರಿಕದ ಪಶ್ಚಿಮದಲ್ಲಿ ಅದು ಬಡಗಿಯೂ ಶಾಲಾ ಮಾಸ್ತರರೂ ವರ್ಷಕ್ಕೊಮ್ಮೆ ಕೈಹಾಕುವ ಕೆಲಸ. ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡರೆ ಹಲವು ಸಾವಿರ ಡಾಲರ್ ತೆರಬೇಕು. ಸ್ವಂತ ಹುಡುಕಾಟ ಮುಖ್ಯವಾಗುವುದು ಅದಕ್ಕೇ.

ಹುಡುಕಾಟ ಮನೆಯಲ್ಲೇ ಶುರುವಾಗುತ್ತದೆ, ನಕ್ಷೆಯ ಮುಂದೆ. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ 1:24,000 ಅಳತೆಯ ನಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 240 ಮೀಟರ್. ಸಮಾನ ಎತ್ತರದ ತಾಣಗಳನ್ನು ಕೂಡಿಸುವ ಗೆರೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರವಿದ್ದರೆ ಸಮತಟ್ಟು. ಬೆಟ್ಟದ ಕಡಿದಾದ ಮಗ್ಗುಲಿನ ನಡುವೆ ಗೆರೆಗಳು ಇದ್ದಕ್ಕಿದ್ದಂತೆ ಅಗಲವಾಗಿ ಮತ್ತೆ ಒತ್ತಾದರೆ ಅಲ್ಲೊಂದು ಜಗಲಿಯಂಥ ಸಮತಟ್ಟು ಇದೆ ಎಂದು ತಿಳಿಯಬಹುದು. ಎಲ್ಕ್ ಹಗಲು ಮಲಗಿ ಮೆಲುಕು ಹಾಕಲು ಇಂಥ ಜಾಗಗಳನ್ನು, ಅದರಲ್ಲೂ ಇಳಿಜಾರಿನ ಮೇಲ್ಭಾಗದಲ್ಲಿರುವುದನ್ನು, ಬಹಳ ಇಷ್ಟಪಡುತ್ತದೆ. ಎರಡು ಶಿಖರಗಳ ನಡುವೆ ಏಣು ತಗ್ಗುವ ಕಡೆ ಹಿಂಡುಗಳು ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುತ್ತವೆ. ಇವನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡರೆ ನೂರು ಚದರ ಕಿಲೋಮೀಟರಿನ ಕಾಡು ಹತ್ತಾರು ತಾಣಗಳಿಗೆ ಇಳಿಯುತ್ತದೆ.

ಬೆಟ್ಟದ ಯಾವ ಮಗ್ಗುಲು ಎಂಬುದೂ ಅಷ್ಟೇ ಮುಖ್ಯ. ಕರ್ನಾಟಕದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೇ ಬರುತ್ತಾನೆ. ಬೆಟ್ಟದ ಉತ್ತರ ದಕ್ಷಿಣ ಮಗ್ಗುಲುಗಳ ನಡುವೆ ಅಂಥ ಭೇದ ಕಾಣದು. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಮಳೆ ಹೊಡೆಯುವ ಪಡುವಣ ಮಗ್ಗುಲು, ಮಳೆ ಮರೆಯಾಗುವ ಮೂಡಣ ಮಗ್ಗುಲು. ಕೊಲರಾಡೊ ಇರುವುದು 37ರಿಂದ 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿಯೇ ಸಾಗುವುದರಿಂದ ದಕ್ಷಿಣದ ಮಗ್ಗುಲು ಬಿಸಿಲು ಕಾಯ್ದು ಒಣಗಿ ಹುಲ್ಲು, ಕುರುಚಲು ಬೆಳೆಯುತ್ತದೆ. ಉತ್ತರದ ಮಗ್ಗುಲಲ್ಲಿ ಹಿಮ ತಡವಾಗಿ ಕರಗಿ ತೇವ ಉಳಿದು ಸ್ಪ್ರೂಸ್, ಫರ್ ಮರಗಳು ಕಿಕ್ಕಿರಿದು ಕತ್ತಲುಗಟ್ಟಿರುತ್ತವೆ. ಸೆಪ್ಟೆಂಬರಿನ ಹೊತ್ತಿಗೆ ಎಲ್ಕಿನ ಮೈಮೇಲೆ ಚಳಿಗಾಲದ ದಪ್ಪ ತುಪ್ಪಳ ಬರತೊಡಗಿರುತ್ತದೆ, ಹಗಲು ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಹಾಗಾಗಿ ರಾತ್ರಿ ಬಯಲಲ್ಲಿ ಮೇದ ಹಿಂಡು ಬಿಸಿಲೇರುವ ಮುನ್ನ ಉತ್ತರ ಅಥವಾ ಈಶಾನ್ಯ ಮಗ್ಗುಲಿನ ನೆರಳು ಸೇರುತ್ತದೆ. ಮೇವು, ನೀರು, ನೆರಳು ಮೂರೂ ಒಂದೆರಡು ಕಿಲೋಮೀಟರಿನೊಳಗೆ ಸಿಗುವ ಕಣಿವೆ ಮೊದಲು ನೋಡಬೇಕಾದದ್ದು.

ಕಾಡ್ಗಿಚ್ಚಿನ ನಕ್ಷೆಯನ್ನು ಅನುಭವಸ್ಥರು ತಪ್ಪದೆ ನೋಡುತ್ತಾರೆ. ಬೆಂಕಿ ಬಿದ್ದು ಕೆಲವು ವರ್ಷ ಕಳೆದ ಕಡೆ ಮರದ ಚಪ್ಪರ ಹೋಗಿ ಬಿಸಿಲು ನೆಲ ಮುಟ್ಟಿ ಹುಲ್ಲು, ಎಳೆಯ ಸಸಿಗಳು ಉಕ್ಕುತ್ತವೆ. 2020ರಲ್ಲಿ ಉತ್ತರ ಕೊಲರಾಡೊದಲ್ಲಿ ಎರಡು ಲಕ್ಷ ಎಕರೆಗೂ ಹೆಚ್ಚು ಕಾಡನ್ನು ಸುಟ್ಟ ಕ್ಯಾಮರಾನ್ ಪೀಕ್ ಬೆಂಕಿ ಆ ರಾಜ್ಯ ಕಂಡ ಅತಿ ದೊಡ್ಡದು. ಸುಟ್ಟ ಜಾಗದ ಅಂಚು, ಅಂದರೆ ಹೊಸ ಮೇವೂ ಹಳೆಯ ನೆರಳೂ ಕೂಡುವ ಗೆರೆ, ಉಪಗ್ರಹ ಚಿತ್ರದಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಇದಕ್ಕೆ ಖರ್ಚೇನೂ ಇಲ್ಲ. ರಾಜ್ಯದ ವನ್ಯಜೀವಿ ಇಲಾಖೆಗಳು ಬೇಟೆ ವಲಯವಾರು ಅಂಕಿಅಂಶಗಳನ್ನೂ ಬಿಟ್ಟಿಯಾಗಿಯೇ ಪ್ರಕಟಿಸುತ್ತವೆ. ಆ ವಲಯದ ಜೀವಶಾಸ್ತ್ರಜ್ಞರಿಗೆ ಫೋನು ಮಾಡಿ ತಿಳಿದವರಂತೆ ಪ್ರಶ್ನೆ ಕೇಳಿದರೆ ಅವರು ಉತ್ತರಿಸುವುದುಂಟು. “ಎಲ್ಕ್ ಎಲ್ಲಿದೆ?” ಎಂಬ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಹೇಳುವುದಿಲ್ಲ.

ನಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಗೆರೆ ರಸ್ತೆ. ಒರೆಗಾನ್ ರಾಜ್ಯದ ಲಾ ಗ್ರಾಂಡ್ ಪಟ್ಟಣದ ಬಳಿ ಸ್ಟಾರ್ಕಿ ಎಂಬ ಪ್ರಾಯೋಗಿಕ ಅರಣ್ಯವಿದೆ. 1980ರ ದಶಕದ ಕೊನೆಯಲ್ಲಿ ಸುಮಾರು 100 ಚದರ ಕಿಲೋಮೀಟರ್ ಕಾಡಿಗೆ ಎಂಟಡಿ ಎತ್ತರದ ಬೇಲಿ ಕಟ್ಟಿ, ಎಲ್ಕ್‌ಗಳ ಕೊರಳಿಗೆ ಸಂಕೇತ ಕಳಿಸುವ ಪಟ್ಟಿ ಹಾಕಿ, ಅವುಗಳ ನಡೆಯನ್ನು ಹಗಲಿರುಳು ದಾಖಲಿಸತೊಡಗಿದರು. ವಾಹನ ಓಡಾಡುವ ರಸ್ತೆಯಿಂದ ಎಲ್ಕ್ ದೂರ ಸರಿಯುತ್ತದೆ ಎಂಬುದು ಅಲ್ಲಿ ಮತ್ತೆ ಮತ್ತೆ ಸಾಬೀತಾಯಿತು. ಎಲ್ಲಕ್ಕಿಂತ ಹೆಚ್ಚು ಬೆದರಿದ್ದು ನಾಲ್ಕು ಗಾಲಿಯ ಕಾಡುಬಂಡಿಗಳಿಗೆ. ಬೆಟ್ಟದ ಸೈಕಲ್ಲಿಗೂ ಅದು ಸರಿದುಹೋಗುತ್ತಿತ್ತು. ನಡೆದು ಬರುವವರಿಗೆ, ಕುದುರೆಯವರಿಗೆ ತೋರಿದ ಪ್ರತಿಕ್ರಿಯೆ ಕಡಿಮೆ. ಸ್ಕೌಟಿಂಗ್‌ಗೆಂದು ಹದಿನೈದು ಸಾವಿರ ಡಾಲರಿನ ಕಾಡುಬಂಡಿ ಕೊಳ್ಳುವವರು ಈ ಫಲಿತಾಂಶವನ್ನು ಓದಿಕೊಳ್ಳುವುದು ಲೇಸು. ಹಾಗೆಂದು ದೂರ ಹೋದಷ್ಟೂ ಎಲ್ಕ್ ಹೆಚ್ಚು ಎಂಬ ಲೆಕ್ಕವೂ ಕುರುಡೇ. ರಸ್ತೆಯಿಂದ ಅರ್ಧ ಕಿಲೋಮೀಟರಿನಲ್ಲೇ ಇದ್ದರೂ ಬಿದ್ದ ಮರಗಳಿಂದ ತುಂಬಿ ಯಾರೂ ಇಳಿಯಲೊಲ್ಲದ ಕಡಿದಾದ ಕೊರಕಲಿನಲ್ಲಿ ಮುದಿ ಗಂಡು ವಾರಗಟ್ಟಲೆ ನಿಶ್ಚಿಂತೆಯಿಂದ ಇರಬಲ್ಲದು. ಎಲ್ಕ್ ದೂರವನ್ನು ಅಳೆಯುವುದಿಲ್ಲ, ಕಾಟವನ್ನು ಅಳೆಯುತ್ತದೆ.

ಇಷ್ಟಾದ ಮೇಲೆ ಕಾಲಿನ ಕೆಲಸ. ನೆಲದ ಮೇಲಿನ ಗುರುತುಗಳನ್ನು ಓದುವುದರಲ್ಲಿ ಮೊದಲ ಪಾಠ ಗೊರಸಿನದು. ಬಲಿತ ಎಲ್ಕಿನ ಸೀಳುಗೊರಸಿನ ಅಚ್ಚು 10–11 ಸೆಂಟಿಮೀಟರ್ ಉದ್ದ. ಅದೇ ಕಾಡಿನಲ್ಲಿ ಸಿಗುವ ಮ್ಯೂಲ್ ಜಿಂಕೆಯದು 7–8 ಸೆಂಟಿಮೀಟರ್, ಚೂಪು. ಮೂಸ್‌ನದು ಇನ್ನೂ ಉದ್ದ. ನಿಜವಾದ ಗೊಂದಲ ತರುವುದು ದನ. ಅಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲಿ ಬೇಸಿಗೆಯಲ್ಲಿ ಪರವಾನಗಿಯ ಮೇಲೆ ದನ ಮೇಯಿಸುತ್ತಾರೆ. ಎಳೆಗರುವಿನ ಹೆಜ್ಜೆಯನ್ನು ಎಲ್ಕಿನದೆಂದು ಹಿಂಬಾಲಿಸಿ ಹೋದವರು ಎಷ್ಟೋ. ದನದ ಗೊರಸು ದುಂಡಗೆ, ಅಗಲವಾಗಿ, ಮೊಂಡಾಗಿರುತ್ತದೆ.

ಹಿಕ್ಕೆ ಹೆಜ್ಜೆಗಿಂತ ಹೆಚ್ಚು ಸುದ್ದಿ ಹೇಳುತ್ತದೆ. ಹಸಿ ಹುಲ್ಲು ಮೇಯುವ ಬೇಸಿಗೆಯಲ್ಲಿ ಎಲ್ಕಿನ ಹಿಕ್ಕೆ ಮೆತ್ತಗೆ, ಚಪ್ಪಟೆಯಾಗಿ, ಸಣ್ಣ ಸಗಣಿಯಂತೆ ಬೀಳುತ್ತದೆ. ಒಣಮೇವಿಗೆ ತಿರುಗಿದಂತೆ ಎರಡು ಸೆಂಟಿಮೀಟರ್ ಉದ್ದದ ಗಟ್ಟಿ ಗುಳಿಗೆಗಳಾಗುತ್ತವೆ. ಆಗತಾನೆ ಬಿದ್ದದ್ದು ಹೊಳೆಯುತ್ತದೆ. ಎತ್ತರದ ಬೆಟ್ಟಗಳ ಒಣಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಮೇಲೆ ಹೊಪ್ಪಳೆ ಕಟ್ಟಿ ಹಳತರಂತೆ ಕಾಣುತ್ತದೆ. ಕಡ್ಡಿಯಿಂದ ಒಡೆದು ಒಳಗಿನ ಬಣ್ಣ, ತೇವ ನೋಡಿದರೆ ತಾನೇ ನಿಜ ತಿಳಿಯುವುದು. ಬಿಸಿಲಲ್ಲಿ ಬಿದ್ದದ್ದಕ್ಕೂ ನೆರಳಲ್ಲಿ ಬಿದ್ದದ್ದಕ್ಕೂ ಒಣಗುವ ವೇಗ ಬೇರೆ ಬೇರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗಂಡು ಎಲ್ಕ್ ಆಗಸ್ಟ್ ಕೊನೆಯಲ್ಲಿ ಕೊಂಬಿನ ಮೇಲಿನ ಮಕಮಲ್ ಹೊದಿಕೆಯನ್ನು ಕಳಚಲು, ಅನಂತರ ಬೆದೆಯ ಹುರುಪಿನಲ್ಲಿ, ಎಳೆಯ ಮರಗಳಿಗೆ ಕೊಂಬು ಉಜ್ಜಿ ತೊಗಟೆ ಕಿತ್ತುಹಾಕುತ್ತದೆ. ಗಾಯದಿಂದ ಅಂಟು ಜಿನುಗುತ್ತಿದ್ದರೆ ಹೊಸದು. ಕಂದಿ ಬಿರಿದಿದ್ದರೆ ಹಳೆಯದು. ಒಂದೇ ಜಾಗದಲ್ಲಿ ಹಳೆಯವೂ ಹೊಸವೂ ಇದ್ದರೆ ವರ್ಷ ವರ್ಷವೂ ಗಂಡುಗಳು ಅಲ್ಲಿಗೆ ಬರುತ್ತಿವೆ ಎಂದರ್ಥ. ಬೆದೆಗಾಲದಲ್ಲಿ ಅವು ಕೆಸರಿನ ಹೊಂಡಗಳಲ್ಲಿ ಉಚ್ಚೆ ಹೊಯ್ದು ಹೊರಳುತ್ತವೆ. ನೀರು ಇನ್ನೂ ಕದಡಿಕೊಂಡೇ ಇದ್ದರೆ ಹೊರಳಿದ್ದು ಹೋಗಿ ಬಹಳ ಹೊತ್ತಾಗಿಲ್ಲ. ಹಿಂಡು ಮಲಗಿ ಎದ್ದ ಜಾಗದಲ್ಲಿ ಕೊಟ್ಟಿಗೆಯ ವಾಸನೆಗೆ ಹತ್ತಿರವಾದ ಘಾಟು ನಿಲ್ಲುತ್ತದೆ. ಮೂಗಿಗೆ ಇದು ಬಡಿದರೆ ಅಲ್ಲೇ ನಿಂತು ಹಿಂದೆ ಸರಿಯುವುದು ಜಾಣತನ. ಆಸ್ಪೆನ್ ಮರಗಳ ಬಿಳಿ ಕಾಂಡದ ಮೇಲಿನ ಕರಿ ಗಾಯಗಳು ಮಾತ್ರ ಹೊಸಬರನ್ನು ಮೋಸಗೊಳಿಸುತ್ತವೆ. ಅವು ಚಳಿಗಾಲದಲ್ಲಿ ಬೇರೆ ಮೇವಿಲ್ಲದೆ ಎಲ್ಕ್ ತೊಗಟೆ ಕಚ್ಚಿದ ಗುರುತು, ದಶಕಗಟ್ಟಲೆ ಉಳಿಯುತ್ತವೆ. ಸೆಪ್ಟೆಂಬರಿನಲ್ಲಿ ಹಿಂಡು ಅಲ್ಲಿಂದ ಮೈಲಿಗಟ್ಟಲೆ ಮೇಲಿರಬಹುದು.

ಈ ಓದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಓಲಾಸ್ ಮ್ಯೂರಿ. 1927ರಲ್ಲಿ ಅಮೆರಿಕ ಸರ್ಕಾರ ಅವರನ್ನು ವಯೋಮಿಂಗ್‌ನ ಜಾಕ್ಸನ್ ಹೋಲ್ ಕಣಿವೆಗೆ ಕಳಿಸಿತು, ಅಲ್ಲಿನ ಎಲ್ಕ್‌ಗಳ ಅಧ್ಯಯನಕ್ಕೆಂದು. ಕೊರಳಪಟ್ಟಿ, ಉಪಗ್ರಹ ಯಾವುದೂ ಇಲ್ಲದ ಕಾಲ. ಮ್ಯೂರಿ ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ, ಹಿಮಜಾರುಗೆಯಲ್ಲಿ ಹಿಂಡುಗಳ ಹಿಂದೆ ವರ್ಷಗಟ್ಟಲೆ ತಿರುಗಿದರು. ಹೆಜ್ಜೆಗಳನ್ನು ಬರೆದುಕೊಂಡರು, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದರು, ಹಿಕ್ಕೆಗಳನ್ನು ಒಣಗಿಸಿ ಕೂಡಿಟ್ಟರು. 1951ರಲ್ಲಿ ಬಂದ ಅವರ ಎಲ್ಕ್ ಕುರಿತ ಗ್ರಂಥ, 1954ರಲ್ಲಿ ಬಂದ ಪ್ರಾಣಿಗಳ ಹೆಜ್ಜೆ ಗುರುತಿನ ಕೈಪಿಡಿ, ಎರಡೂ ಈ ದುಡಿಮೆಯ ಫಲ. ಕೈಪಿಡಿ ಇಂದಿಗೂ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಇದೇ ಓದು ಬೇಟೆಗಲ್ಲ, ಎಣಿಕೆಗೆ ಬೇಕಾಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಅಂದಾಜಿನಲ್ಲಿ ಬೀಟ್ ಬೀಟಿನಲ್ಲೂ ನಡೆದು ಹೆಜ್ಜೆ, ಮಲ, ಹಿಕ್ಕೆಗಳನ್ನು ದಾಖಲಿಸುವುದು ಮೊದಲ ಹಂತ. ಕ್ಯಾಮೆರಾ ಬರುವುದು ಆಮೇಲೆ. ನಾಗರಹೊಳೆಯ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ವಿದ್ಯೆಯನ್ನು ಯಾವ ಕೈಪಿಡಿಯೂ ಇಲ್ಲದೆ ಕಲಿತವರು.

ಗುರುತು ಸಿಕ್ಕಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಯಾವ ತಿಂಗಳ ಗುರುತು ಎಂಬುದೇ ದೊಡ್ಡ ಪ್ರಶ್ನೆ. ಎಲ್ಕಿನ ವರ್ಷ ಬೆಟ್ಟ ಹತ್ತಿ ಇಳಿಯುವ ವರ್ಷ. ಚಳಿಗಾಲದಲ್ಲಿ ಹಿಮ ಕಡಿಮೆ ಬೀಳುವ ತಪ್ಪಲು, ಕಣಿವೆಗಳಲ್ಲಿ ಇರುತ್ತದೆ. ವಸಂತದಲ್ಲಿ ಹಿಮ ಕರಗಿದಂತೆ ಚಿಗುರುವ ಹಸಿರನ್ನು ಹಿಂಬಾಲಿಸಿ ಮೇಲೇರುತ್ತದೆ. ಮೇ ಕೊನೆ, ಜೂನ್‌ನಲ್ಲಿ ಹೆಣ್ಣುಗಳು ಈಯುತ್ತವೆ. ಜುಲೈ, ಆಗಸ್ಟ್‌ನಲ್ಲಿ ಗಂಡುಗಳು ತಮ್ಮದೇ ಸಣ್ಣ ಗುಂಪು ಕಟ್ಟಿಕೊಂಡು ಮರಗಳ ಗಡಿ ದಾಟಿದ ಎತ್ತರದ ಹುಲ್ಲಿನ ಬೋಗುಣಿಗಳಲ್ಲಿ, ಕೊಲರಾಡೊದಲ್ಲಾದರೆ ಸುಮಾರು 3,500 ಮೀಟರ್ ಎತ್ತರದಲ್ಲಿ, ಬೆಳೆಯುವ ಕೊಂಬು ಹೊತ್ತು ಬಯಲಲ್ಲೇ ಮೇಯುತ್ತಿರುತ್ತವೆ. ಸ್ಕೌಟಿಂಗ್‌ಗೆ ಹೆಚ್ಚಿನವರು ಹೋಗುವುದು ಆಗಲೇ. ನೋಡಲು ಸೊಗಸು, ಫೋಟೋಗೆ ಒಳ್ಳೆಯದು. ಆದರೆ ಜುಲೈಯಲ್ಲಿ ಕಂಡ ಗಂಡು ಸೆಪ್ಟೆಂಬರಿನಲ್ಲಿ ಅಲ್ಲಿರುವುದಿಲ್ಲ. ಕೊಂಬು ಬಲಿತು ಬೆದೆ ಏರಿದೊಡನೆ ಅದು ಹೆಣ್ಣುಗಳನ್ನು ಹುಡುಕಿಕೊಂಡು ಹೊರಡುತ್ತದೆ, ಕೆಲವೊಮ್ಮೆ ಬೇರೆ ಕಣಿವೆಗೇ.

ಸೆಪ್ಟೆಂಬರಿನ ಬಿಲ್ಲಿನ ಕಾಲಕ್ಕೆ ಸಿದ್ಧವಾಗುವವರು ಆದ್ದರಿಂದ ಹೆಣ್ಣು, ಮರಿಗಳ ಹಿಂಡು ಎಲ್ಲಿದೆ ಎಂದು ನೋಡಬೇಕು. ಗಂಡು ತಾನಾಗಿ ಅಲ್ಲಿಗೆ ಬರುತ್ತದೆ. ಅಕ್ಟೋಬರಿನ ಕೋವಿ ಕಾಲದ ಲೆಕ್ಕ ಮತ್ತೆ ಬೇರೆ. ಆ ಹೊತ್ತಿಗೆ ಬೆದೆ ಮುಗಿದು, ಮೇವು ನೀರು ಬಿಟ್ಟು ಓಡಾಡಿದ ಗಂಡು ಸೊರಗಿ, ಹಿಂಡು ತೊರೆದು, ಮೇವೂ ಮರೆಯೂ ಒಟ್ಟಿಗಿರುವ ಕಡಿದಾದ ಮೂಲೆಯಲ್ಲಿ ಅಡಗುತ್ತದೆ. ಕೋವಿಯ ಸದ್ದು ಶುರುವಾದ ಮೇಲೆ ಹಿಂಡುಗಳು ಬೇಟೆಗೆ ಅವಕಾಶವಿಲ್ಲದ ಖಾಸಗಿ ಜಮೀನಿಗೆ ಸರಿದುಬಿಡುವುದೂ ಪಶ್ಚಿಮದ ರಾಜ್ಯಗಳಲ್ಲಿ ಸಾಮಾನ್ಯ. ನವೆಂಬರಿನಲ್ಲಿ ದಪ್ಪ ಹಿಮ ಬಿದ್ದರೆ ಎಲ್ಲವೂ ಕೆಳಗಿಳಿಯುತ್ತವೆ. ಒಂದೇ ಬೆಟ್ಟಕ್ಕೆ ನಾಲ್ಕು ನಕ್ಷೆ ಬೇಕು ಎಂದು ಅರಿತವರಿಗೆ ಜುಲೈಯ ಚಿತ್ರ ಸುಳ್ಳಾಗುವುದಿಲ್ಲ. ಅದು ಜುಲೈಗೆ ಮಾತ್ರ ಸೇರಿದ್ದು ಎಂದು ಗೊತ್ತಿರುತ್ತದೆ.

ಇನ್ನು ಗಾಳಿ. ಎಲ್ಕಿನ ಕಣ್ಣು ಚಲನೆಯನ್ನು ಹಿಡಿಯುತ್ತದೆ, ಕಿವಿ ಚುರುಕು, ಆದರೆ ಅದು ಸಂಶಯವಿಲ್ಲದೆ ನಂಬುವುದು ಮೂಗನ್ನು. ಕಂಡದ್ದನ್ನು ಮತ್ತೊಮ್ಮೆ ನೋಡಲು, ಕೇಳಿದ್ದನ್ನು ಮತ್ತೊಮ್ಮೆ ಆಲಿಸಲು ನಿಲ್ಲುವ ಹಿಂಡು ಮನುಷ್ಯರ ವಾಸನೆ ಸಿಕ್ಕಿದರೆ ಕ್ಷಣವೂ ನಿಲ್ಲುವುದಿಲ್ಲ. ಕಿಲೋಮೀಟರುಗಟ್ಟಲೆ ದೂರ ಹೋಗಿಯೇ ನಿಲ್ಲುತ್ತದೆ. ವಾಸನೆ ಮುಚ್ಚುವುದಾಗಿ ಹೇಳಿಕೊಳ್ಳುವ ಬಟ್ಟೆ, ದ್ರವಗಳು ಮಾರಾಟಕ್ಕಿವೆ. ಬೆಟ್ಟದ ಗಾಳಿಯ ನಿಯಮ ತಿಳಿದವರಿಗೆ ಅವುಗಳ ಹಂಗಿಲ್ಲ. ರಾತ್ರಿ ತಣಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದು ಮಗ್ಗುಲು ಬೆಚ್ಚಗಾದ ಮೇಲೆ ಮೇಲಕ್ಕೇಳುತ್ತದೆ. ಸಂಜೆ ನೆರಳು ಬಿದ್ದೊಡನೆ ಮತ್ತೆ ಕೆಳಕ್ಕೆ. ಈ ಎರಡು ತಿರುವುಗಳ ಹೊತ್ತಿನಲ್ಲಿ ಗಾಳಿ ನಿಂತಂತಾಗಿ, ಸುಳಿದು, ಎತ್ತಲಿಂದೆತ್ತಲೋ ಬೀಸುತ್ತದೆ. ಕೊರಕಲುಗಳು ಕೂಡುವ ಕಡೆಯಂತೂ ಅದನ್ನು ನಂಬುವಂತಿಲ್ಲ.

ಹಗಲು ಹಿಂಡು ಮೇಲ್ಭಾಗದ ಸಮತಟ್ಟಿನಲ್ಲಿ ಮಲಗುವುದರ ಗುಟ್ಟೂ ಇದರಲ್ಲೇ ಇದೆ. ಕೆಳಗಿನ ಇಡೀ ಕಣಿವೆಯ ವಾಸನೆ ಮೇಲೇರುವ ಗಾಳಿಯಲ್ಲಿ ಅದರ ಮೂಗಿಗೆ ಬರುತ್ತದೆ. ಏಣಿನ ಆಚೆಯಿಂದ ಬೀಸುವ ಗಾಳಿ ಬೆನ್ನ ಹಿಂದಿನ ಸುದ್ದಿ ತರುತ್ತದೆ. ನೋಡಲು ಹೋಗುವವರು ಬೆಳಿಗ್ಗೆ ಕೆಳಗಿನಿಂದ ಹತ್ತುತ್ತ, ಬಿಸಿಲೇರುವ ಮುನ್ನ ಪಕ್ಕಕ್ಕೆ ಸರಿದು ಎತ್ತರ ಸೇರಿ, ಮಧ್ಯಾಹ್ನ ಹಿಂಡಿಗಿಂತ ಮೇಲೆ ಉಳಿದರೆ ಸಿಕ್ಕಿಬೀಳುವುದಿಲ್ಲ. ಇದಕ್ಕೆ ಬೇಕಾದ ಉಪಕರಣ ಒಂದು ಸಣ್ಣ ಡಬ್ಬಿಯಲ್ಲಿ ಟಾಲ್ಕಂ ಪೌಡರು. ಚಿಟಿಕೆ ಹಾರಿಸಿದರೆ ಗಾಳಿಯ ದಿಕ್ಕು ಕಣ್ಣಿಗೇ ಕಾಣುತ್ತದೆ. ಬೇಟೆಯವರ ಚೀಲದಲ್ಲಿ ಕಾಸಿಗೆ ತಕ್ಕ ಕೆಲಸ ಮಾಡುವ ವಸ್ತು ಇದಕ್ಕಿಂತ ಇನ್ನೊಂದಿಲ್ಲ.

ಸೆಪ್ಟೆಂಬರಿನಲ್ಲಿ ಕಿವಿಯೂ ಕೆಲಸಕ್ಕೆ ಬರುತ್ತದೆ. ಬೆದೆಗೆ ಬಂದ ಗಂಡು ತಗ್ಗಿನ ದನಿಯಲ್ಲಿ ಶುರುಮಾಡಿ, ತಾರಕದ ಸಿಳ್ಳಿಗೇರಿ, ಗುಟುರಿನಲ್ಲಿ ಮುಗಿಸುವ ಕೂಗು ಹಾಕುತ್ತದೆ. ಹೆಣ್ಣು, ಮರಿಗಳು ಮಿಯಾಂವ್‌ಗೆ ಹತ್ತಿರದ ದನಿಯಲ್ಲಿ ಒಂದನ್ನೊಂದು ಕರೆಯುತ್ತವೆ. ರಾತ್ರಿ ಅಥವಾ ಬೆಳಗಿನ ಜಾವ ಏಣಿನ ಮೇಲೆ ನಿಂತು ಕೇಳಿದರೆ ಯಾವ ಕಣಿವೆಯಲ್ಲಿ ಹಿಂಡಿದೆ ಎಂದು ಕಾಡು ಹೊಗದೆಯೇ ತಿಳಿಯಬಹುದು. ಕೊಳವೆ ಊದಿ ಅಣಕು ಕೂಗು ಹಾಕಿ ಉತ್ತರಕ್ಕೆ ಕಾಯುವವರೂ ಇದ್ದಾರೆ. ಅತಿಯಾದರೆ ಗಂಡುಗಳು ಮೋಸ ಅರಿತು ಬಾಯಿ ಮುಚ್ಚುತ್ತವೆ. ಡೆನ್ವರ್ ಕಡೆ ನೆಲೆಸಿರುವ ಕನ್ನಡಿಗರಿಗೆ ಈ ಕೂಗು ಕೇಳಲು ಪರವಾನಗಿ ಬೇಕಿಲ್ಲ. ಎಸ್ಟೆಸ್ ಪಾರ್ಕ್ ಪಟ್ಟಣದ ಪಕ್ಕದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆ ನಿಷಿದ್ಧ. ಸೆಪ್ಟೆಂಬರಿನ ಸಂಜೆ ರಸ್ತೆಯಂಚಿನಿಂದಲೇ ಕೂಗು ಕೇಳುತ್ತದೆ. ಆ ದಿನಗಳಲ್ಲಿ ಅಲ್ಲಿನ ಹುಲ್ಲುಗಾವಲುಗಳಿಗೆ ಸಂಜೆಯಿಂದ ಬೆಳಗಿನವರೆಗೆ ಕಾಲಿಡುವಂತಿಲ್ಲ.

ದುರ್ಬೀನಿನ ಮಾತಿಗೆ ಬಂದರೆ, ಅದು ಬೇಕೇ ಬೇಕು. ಹತ್ತು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ ಸಾಧಾರಣ ದುರ್ಬೀನು ಕೆಲವು ನೂರು ಡಾಲರಿಗೆ ಸಿಗುತ್ತದೆ. ಎಲ್ಕಿನಷ್ಟು ದೊಡ್ಡ ಪ್ರಾಣಿಗೆ ಅದು ಧಾರಾಳ. ದುಬಾರಿ ಗಾಜು ಹೆಚ್ಚಿಗೆ ಕೊಡುವುದು ನಸುಕಿನ ಮೊದಲ, ಮುಸ್ಸಂಜೆಯ ಕೊನೆಯ ಕಾಲುಗಂಟೆಯ ಬೆಳಕನ್ನು. ಆ ಕಾಲುಗಂಟೆ ಬೆಲೆಯುಳ್ಳದ್ದೇ, ಸುಳ್ಳಲ್ಲ. ಆದರೆ ಕೈಯಲ್ಲಿ ನಡುಗುವ ದುಬಾರಿ ದುರ್ಬೀನಿಗಿಂತ ಮುಕ್ಕಾಲಿಯ ಮೇಲೆ ನಿಂತ ಅಗ್ಗದ್ದು ಹೆಚ್ಚು ತೋರಿಸುತ್ತದೆ. ಬೆಳಕು ಹರಿಯುವ ಮುನ್ನವೇ ಎದುರು ಮಗ್ಗುಲು ಕಾಣುವ ಜಾಗದಲ್ಲಿ ಕುಳಿತು, ಬೆಟ್ಟವನ್ನು ಪಟ್ಟಿ ಪಟ್ಟಿಯಾಗಿ ವಿಂಗಡಿಸಿ, ನಿಧಾನವಾಗಿ ನೋಡಬೇಕು. ಇಡೀ ಎಲ್ಕ್ ಕಾಣುವುದು ಅಪರೂಪ. ನೆಟ್ಟಗೆ ನಿಂತ ಕಾಂಡಗಳ ನಡುವೆ ಅಡ್ಡಕ್ಕೆ ಬಿದ್ದ ಬೆನ್ನಿನ ಗೆರೆ, ಕೆನೆಬಣ್ಣದ ಪೃಷ್ಠದ ತೇಪೆ, ಕಿವಿಯ ಅಲುಗಾಟ, ಇಂಥ ತುಣುಕುಗಳೇ ಸಿಗುವುದು. ಅರ್ಧ ಗಂಟೆ ಖಾಲಿ ಕಂಡ ಬೆಟ್ಟದಲ್ಲಿ ನಲವತ್ತನೆಯ ನಿಮಿಷಕ್ಕೆ ಒಂದು ಎದ್ದು ನಿಲ್ಲುತ್ತದೆ.

ಕಾಡಿನ ಮರಕ್ಕೆ ಕಟ್ಟುವ ಕ್ಯಾಮೆರಾ ತನ್ನ ಮುಂದೆ ಹಾದುಹೋದದ್ದನ್ನು ಮಾತ್ರ ಹೇಳುತ್ತದೆ. ನೀರಿನ ಕಟ್ಟೆಗೋ ಹೊರಳುವ ಹೊಂಡಕ್ಕೋ ಬಂದ ಗಂಡಿನ ಚಿತ್ರ ಸಿಗಬಹುದು. ಅದು ಎಲ್ಲಿಂದ ಬಂತು, ಎತ್ತ ಹೋಯಿತು ಎಂಬುದು ಚೌಕಟ್ಟಿನ ಹೊರಗೆ. ಅದನ್ನು ತಿಳಿಯಲು ಮತ್ತೆ ನಡೆಯಲೇಬೇಕು. ಈಗ ಕಾನೂನೂ ಅಡ್ಡ ಬಂದಿದೆ. ಒಣ ರಾಜ್ಯಗಳಲ್ಲಿ ಒಂದೊಂದು ನೀರಿನ ಕಟ್ಟೆಗೆ ಹತ್ತಾರು ಕ್ಯಾಮೆರಾಗಳು ನೆರೆದು, ಅವನ್ನು ನೋಡಲು ಬರುವವರ ಓಡಾಟಕ್ಕೆ ಪ್ರಾಣಿಗಳು ನೀರಿಗೇ ಬಾರದಂತಾದಾಗ ನಿರ್ಬಂಧಗಳು ಬಂದವು. ಅರಿಜೋನಾ 2022ರ ಜನವರಿಯಿಂದ ಬೇಟೆಯ ಉದ್ದೇಶಕ್ಕೆ ಇವುಗಳ ಬಳಕೆಯನ್ನು ಪೂರ್ತಿ ನಿಷೇಧಿಸಿತು. ನೆವಾಡ, ಯೂಟಾ ರಾಜ್ಯಗಳಲ್ಲಿ ಬೇಟೆಗಾಲದ ತಿಂಗಳುಗಳಲ್ಲಿ ಕಡಿವಾಣವಿದೆ. ಡ್ರೋನ್ ಹಾರಿಸಿ ಪ್ರಾಣಿ ಹುಡುಕುವುದು ಪಶ್ಚಿಮದ ಬಹುತೇಕ ರಾಜ್ಯಗಳಲ್ಲಿ ಅಪರಾಧ. ಪ್ರಾಣಿಗೂ ತಪ್ಪಿಸಿಕೊಳ್ಳುವ ಅವಕಾಶ ಇರಬೇಕೆಂಬ ಮಾತು ಅಲ್ಲಿ ಹೊಸದಲ್ಲ. ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ಕಾಲದಿಂದಲೂ ಇದೆ.

ಹುಡುಕುವವರು ನೋಡಬೇಕಾದ ಇನ್ನೊಂದು ಪ್ರಾಣಿ ಮನುಷ್ಯ. ಹಳೆಯ ಡೇರೆಯ ಜಾಗಗಳು, ಬೆಂಕಿ ಗುಂಡಿಗಳು, ಕುದುರೆ ಕಟ್ಟಿದ ಗುರುತು, ದಾರಿಯ ಕೊನೆಯಲ್ಲಿ ಎಷ್ಟು ಕಾರು ನಿಲ್ಲುವಷ್ಟು ಜಾಗವಿದೆ ಎಂಬುದು, ಇವೆಲ್ಲ ಬೇಟೆಗಾಲದ ಮೊದಲ ದಿನ ಜನ ಯಾವ ಕಡೆಯಿಂದ ನುಗ್ಗುತ್ತಾರೆ ಎಂದು ಹೇಳುತ್ತವೆ. ಅವರ ಕಾಟಕ್ಕೆ ಎದ್ದ ಹಿಂಡು ಯಾವ ತಗ್ಗನ್ನು ದಾಟುತ್ತದೆ ಎಂದು ಊಹಿಸಿದವರು ಅರ್ಧ ಗೆದ್ದಂತೆ. ಗಡಿಗಳ ಅರಿವೂ ಬೇಕು. 19ನೇ ಶತಮಾನದಲ್ಲಿ ರೈಲು ಕಂಪನಿಗಳಿಗೆ ಸರ್ಕಾರ ಒಂದು ಬಿಟ್ಟು ಒಂದು ಚೌಕ ಭೂಮಿ ಕೊಟ್ಟದ್ದರಿಂದ ವಯೋಮಿಂಗ್‌ನಂಥ ರಾಜ್ಯಗಳಲ್ಲಿ ಸರ್ಕಾರಿ, ಖಾಸಗಿ ನೆಲ ಚದುರಂಗದ ಮಣೆಯ ಹಾಗೆ ಬೆರೆತಿವೆ. ಎರಡು ಸರ್ಕಾರಿ ಚೌಕಗಳು ತಾಗುವ ಮೂಲೆಯನ್ನು ಖಾಸಗಿ ನೆಲ ಮುಟ್ಟದೆ ದಾಟಬಹುದೇ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. 2025ರ ಮಾರ್ಚ್‌ನಲ್ಲಿ 10ನೇ ವೃತ್ತದ ಮೇಲ್ಮನವಿ ನ್ಯಾಯಾಲಯ ದಾಟಿದವರ ಪರ ತೀರ್ಪಿತ್ತಿತು. ವಯೋಮಿಂಗ್‌ನ ಸಂರಕ್ಷಿತ ನಿರ್ಜನ ಅರಣ್ಯಗಳಲ್ಲಿ ಹೊರರಾಜ್ಯದವರು ದೊಡ್ಡ ಪ್ರಾಣಿಗಳ ಬೇಟೆಗೆ ಹೋದರೆ ಮಾರ್ಗದರ್ಶಕರೋ ಸ್ಥಳೀಯ ನಿವಾಸಿಯೋ ಜೊತೆಗಿರಬೇಕೆಂಬ ಕಾನೂನಿದೆ. ಸುಮ್ಮನೆ ನಡೆದು ನೋಡಿ ಬರಲು ಆ ಅಡ್ಡಿಯಿಲ್ಲ.

ಹುಡುಕಾಟವೇ ಪ್ರಾಣಿಗೆ ಕಾಟವಾಗಬಾರದು. ಚಳಿಗಾಲದ ಕೊನೆಗೆ ಎಲ್ಕಿನ ಮೈಯ ಕೊಬ್ಬು ಕರಗಿ ಹೋಗಿರುತ್ತದೆ. ಆಗ ಬೆದರಿ ಓಡಿದ ಒಂದೊಂದು ಓಟವೂ ಸಾವಿಗೆ ಹತ್ತಿರ. ಉದುರಿದ ಕೊಂಬು ಆಯಲು ಜನ ನುಗ್ಗುವುದನ್ನು ತಡೆಯಲು ಕೊಲರಾಡೊ ತನ್ನ ಪಶ್ಚಿಮ ಭಾಗದ ಸರ್ಕಾರಿ ನೆಲದಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಅದನ್ನು ನಿಷೇಧಿಸಿದೆ. ಜೂನ್‌ನಲ್ಲಿ ಮರಿಗಳಿರುವ ಕಡೆ ಹೋಗದಿರುವುದು, ಆಗಸ್ಟ್‌ನಲ್ಲಿ ಮಲಗುವ ಜಾಗವನ್ನು ದೂರದಿಂದ ಗುರುತಿಸಿ ಒಳಗೆ ಕಾಲಿಡದಿರುವುದು ಸ್ವಂತ ಲಾಭಕ್ಕೂ ಒಳ್ಳೆಯದು. ನಡೆಯುವವರ ಜೀವಕ್ಕೂ ಅಪಾಯಗಳಿವೆ: ಎತ್ತರದ ತೆಳುಗಾಳಿ, ಜುಲೈ–ಆಗಸ್ಟ್ ಮಧ್ಯಾಹ್ನಗಳ ಸಿಡಿಲು, ವಯೋಮಿಂಗ್, ಮೊಂಟಾನಗಳಲ್ಲಿ ಗ್ರಿಜ್ಲಿ ಕರಡಿ. ಬೇಟೆ ಸಿಕ್ಕ ಮೇಲಿನ ಹೊರೆಯನ್ನೂ ಮೊದಲೇ ಅಂದಾಜಿಸಬೇಕು. ಒಂದು ದೊಡ್ಡ ಗಂಡಿನಿಂದ ಎಲುಬು ತೆಗೆದ ಮಾಂಸವೇ 80ರಿಂದ 100 ಕಿಲೋ ಬರುತ್ತದೆ, ಅದನ್ನು ಕಾಡಿನಲ್ಲಿ ಕೊಳೆಯಬಿಡುವುದು ಅಪರಾಧ. ಬೆನ್ನ ಮೇಲೆ ನಾಲ್ಕು ಸಲ ಹೊತ್ತು ತರಲಾಗದ ಕೊರಕಲಿನಲ್ಲಿ ಎಲ್ಕ್ ಪತ್ತೆಯಾದರೆ ಅದನ್ನು ಅಲ್ಲೇ ಬಿಟ್ಟು ಬರುವುದೇ ಸರಿ.

ಸಲಕರಣೆಗೆ ಖರ್ಚು ಮಾಡಲೇಬೇಕೆಂದಿದ್ದರೆ ಮೊದಲ ಹಣ ಬೂಟಿಗೆ ಹೋಗಬೇಕು. ಕಾಲು ಬೊಕ್ಕೆ ಬಂದವರು ಎರಡನೆಯ ಏಣನ್ನು ನೋಡುವುದಿಲ್ಲ. ಆಮೇಲೆ ಸಾಧಾರಣ ದುರ್ಬೀನು, ಅದಕ್ಕೊಂದು ಮುಕ್ಕಾಲಿ, ಕಾಗದದ ನಕ್ಷೆ, ದಿಕ್ಸೂಚಿ, ಮಳೆಯಂಗಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಗಾಳಿಯ ದಿಕ್ಕು, ಕಂಡದ್ದು, ಕಾಣದ್ದು ಎರಡನ್ನೂ ಬರೆಯುತ್ತ ಹೋದರೆ ಮೂರನೆಯ ವರ್ಷಕ್ಕೆ ಅಂಗಡಿಯಲ್ಲಿ ಸಿಗದ ನಕ್ಷೆಯೊಂದು ಕೈಯಲ್ಲಿರುತ್ತದೆ. ಮಿಕ್ಕ ಹಣವನ್ನು ಪೆಟ್ರೋಲಿಗೂ, ಸಂಬಳವಿಲ್ಲದ ಒಂದು ವಾರದ ರಜೆಗೂ ಹಾಕುವುದು ವಾಸಿ.